ಶ್ರೀಗಂಧದ ಎಲೆ, ಅವರೆಯ ಕಾಳು: ಮಲ್ಲೇಶ್ವರದ ಅಂಚಿನಲ್ಲಿ ಬೆಳೆದ ಕಿಣ್ವವಿಜ್ಞಾನ

1898ರ ಪ್ಲೇಗಿನ ತರುವಾಯ ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ನೆಲೆಗೊಳಿಸುವ ಸಲುವಾಗಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಚಾಮರಾಜಪೇಟೆ ಅವುಗಳಿಗಿಂತ ಕೆಲವು ವರ್ಷ ಮೊದಲೇ, 1892ರಲ್ಲಿ, ತಲೆಯೆತ್ತಿತ್ತು. ಮಲ್ಲೇಶ್ವರದ ಉತ್ತರದ ಅಂಚಿಗೆ, ಮೈಸೂರು ಸಂಸ್ಥಾನ ಕೊಟ್ಟ ವಿಶಾಲವಾದ ನೆಲದಲ್ಲಿ, 1909ರಲ್ಲಿ ಸ್ಥಾಪನೆಗೊಂಡು 1911ರಲ್ಲಿ ಪಾಠಪ್ರವಚನಗಳನ್ನು ಆರಂಭಿಸಿದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದರು. ಈ ಸಂಸ್ಥೆಯ ಹೆಸರು ಕೇಳಿದೊಡನೆ ಭೌತವಿಜ್ಞಾನ, ವಿಮಾನ, ವಿದ್ಯುತ್ ಮೊದಲಾದವು ನೆನಪಿಗೆ ಬರುವುದು ಸಹಜ. ಆದರೆ ಜೀವಿಗಳೊಳಗಿನ ರಸಾಯನಕ್ರಿಯೆಗಳ ಅಧ್ಯಯನಕ್ಕೂ ಅದು ಅಷ್ಟೇ ಹಳೆಯ ನೆಲೆ, ಮತ್ತು ಆ ಅಧ್ಯಯನ ಇಲ್ಲಿ ಬಹುಮಟ್ಟಿಗೆ ಬೆಳೆದದ್ದು ನಾಡಿನ ಕಾಡಿನಲ್ಲಿ ನರಳುತ್ತಿದ್ದ ಒಂದು ಮರ ಹಾಗೂ ನಾಡಿನ ಅಡುಗೆಮನೆಯಲ್ಲಿ ಬೇಯುತ್ತಿದ್ದ ಬೇಳೆಕಾಳುಗಳ ಸುತ್ತ ಎಂಬ ಸಂಗತಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಮೊದಲನೆಯ ಮಹಾಯುದ್ಧ ಆರಂಭವಾಗಿ ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ಮಾರಾಟ ನಿಂತುಹೋದಾಗ, ಎಣ್ಣೆಯನ್ನು ಸಂಸ್ಥಾನದಲ್ಲಿಯೇ ತೆಗೆಯುವ ಪ್ರಯೋಗವನ್ನು 1916ರಲ್ಲಿ ಈ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಯಶಸ್ವಿಗೊಳಿಸಿದರು. ಎಣ್ಣೆಯ ಕೈಗಾರಿಕೆ ಕುದುರಿತು, ಸಾಬೂನು ಬಂತು. ಆದರೆ ಮರವೇ ಸಾಯುತ್ತಿತ್ತು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗ ಮೈಸೂರಿನ ಕಾಡುಗಳಿಗೂ ಹಬ್ಬಿ, ರೋಗ ತಗುಲಿದ ಮರದ ಎಲೆಗಳು ವರ್ಷದಿಂದ ವರ್ಷಕ್ಕೆ ಸಣ್ಣದಾಗಿ, ಒತ್ತೊತ್ತಾಗಿ ನೆಟ್ಟಗೆ ನಿಂತು, ಕೊಂಬೆಗಳು ಮುಳ್ಳುಕಡ್ಡಿಗಳಂತಾಗಿ, ಕೆಲವೇ ವರ್ಷಗಳಲ್ಲಿ ಮರ ಒಣಗುತ್ತಿತ್ತು. ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1917ರಲ್ಲಿ ಈ ರೋಗದ ಕುರಿತು ಬರೆದರು; ಮುಂದೆ 1920 ಮತ್ತು 30ರ ದಶಕಗಳಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಜೀವರಸಾಯನ ವಿಭಾಗದ ಎಂ. ಶ್ರೀನಿವಾಸಯ್ಯ ಮತ್ತು ಅವರ ಸಹೋದ್ಯೋಗಿಗಳು ಇದನ್ನೇ ಹಿಡಿದು ಸಾಲುಸಾಲಾಗಿ ಲೇಖನಗಳನ್ನು ಪ್ರಕಟಿಸಿದರು.

ರೋಗ ಹಿಡಿದ ಎಲೆಗಳಲ್ಲಿ ಕಂಡುಬಂದ ಒಂದು ಲಕ್ಷಣ ಸಸ್ಯಜೀವನದ ತಿರುಳನ್ನೇ ಮುಟ್ಟುತ್ತದೆ: ಅವುಗಳಲ್ಲಿ ಪಿಷ್ಟ ತುಂಬಿಕೊಂಡಿರುತ್ತದೆ. ಆರೋಗ್ಯವಂತ ಎಲೆ ಹಗಲಿನಲ್ಲಿ ಬೆಳಕಿನ ಶಕ್ತಿಯನ್ನು ಹೀರಿ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಬೇರಿನಿಂದ ಬಂದ ನೀರನ್ನೂ ಬಳಸಿ ಸಕ್ಕರೆಯನ್ನು ಕಟ್ಟುತ್ತದೆ. ದ್ಯುತಿಸಂಶ್ಲೇಷಣೆ ಎಂದು ಹೆಸರಾದ ಈ ಕ್ರಿಯೆಯಲ್ಲಿ ಆಮ್ಲಜನಕ ಹೊರಬೀಳುತ್ತದೆ. ಕಟ್ಟಿದ ಸಕ್ಕರೆಯಲ್ಲಿ ಒಂದು ಪಾಲು ತಕ್ಷಣವೇ ಮರದ ಬೇರೆ ಭಾಗಗಳಿಗೆ ಸಾಗಿದರೆ, ಇನ್ನೊಂದು ಪಾಲು ಎಲೆಯಲ್ಲಿಯೇ ಪಿಷ್ಟದ ರೂಪದಲ್ಲಿ ತಾತ್ಕಾಲಿಕವಾಗಿ ನಿಂತು, ಕತ್ತಲಾದ ಮೇಲೆ ಅಮೈಲೇಸ್ ಮೊದಲಾದ ಕಿಣ್ವಗಳಿಂದ ಒಡೆದು ಮತ್ತೆ ಸಕ್ಕರೆಯಾಗಿ, ಫ್ಲೋಯೆಮ್ ಎಂಬ ಆಹಾರವಾಹಕ ನಾಳಗಳ ಮೂಲಕ ಬೇರಿಗೂ ಚಿಗುರಿಗೂ ಹರಿಯುತ್ತದೆ. ಸ್ಪೈಕ್ ಹಿಡಿದ ಎಲೆಯಲ್ಲಿ ಈ ಸಾಗಾಣಿಕೆ ಕೆಡುತ್ತದೆ. ಎಲೆಯಲ್ಲಿ ಆಹಾರ ಕೊಳೆಯುವಷ್ಟಿದ್ದರೂ ಬೇರು ಉಪವಾಸ ಬೀಳುತ್ತದೆ. ಶ್ರೀಗಂಧದ ವಿಷಯದಲ್ಲಿ ಈ ಉಪವಾಸ ಇಮ್ಮಡಿ ಘೋರವಾದದ್ದು, ಏಕೆಂದರೆ ಅದು ಅರೆಪರಾವಲಂಬಿ ಮರ: ತನ್ನ ಸಕ್ಕರೆಯನ್ನು ತಾನೇ ತಯಾರಿಸಿಕೊಂಡರೂ ನೀರು ಮತ್ತು ಖನಿಜಗಳಿಗಾಗಿ ನೆರೆಯ ಗಿಡಗಳ ಬೇರುಗಳಿಗೆ ತನ್ನ ಹೀರುಬೇರುಗಳನ್ನು ಚುಚ್ಚಿಕೊಂಡಿರುತ್ತದೆ, ಬೇರು ಸೊರಗಿದರೆ ಆ ನಂಟೂ ಕಳಚುತ್ತದೆ. ರೋಗದ ಮೂಲ ಅಂದಿನ ಸೂಕ್ಷ್ಮದರ್ಶಕಗಳಿಗೆ ಸಿಗಲಿಲ್ಲ. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಫ್ಲೋಯೆಮ್ ನಾಳಗಳೊಳಗೆ, ಕೋಶಭಿತ್ತಿಯಿಲ್ಲದ, ಇಂದು ಫೈಟೋಪ್ಲಾಸ್ಮಾ ಎಂದು ಕರೆಯಲಾಗುವ ಅತಿಸಣ್ಣ ಬ್ಯಾಕ್ಟೀರಿಯಾಗಳು ಕಂಡುಬಂದವು. ಆಹಾರ ಹರಿಯುವ ದಾರಿಯಲ್ಲಿಯೇ ರೋಗ ನೆಲೆಸಿತ್ತು ಎಂಬುದು ತಿಳಿದ ಮೇಲೆ, ಎಲೆಯಲ್ಲಿ ಉಳಿದುಹೋದ ಪಿಷ್ಟವನ್ನು ಅಳೆಯುತ್ತ ಕುಳಿತ ಆ ಹಿಂದಿನ ತಲೆಮಾರು ಸರಿಯಾದ ಜಾಗದ ಬಾಗಿಲಲ್ಲಿಯೇ ನಿಂತಿತ್ತೆಂದು ಹೇಳಬೇಕಾಗುತ್ತದೆ.

ಇಲ್ಲಿ ಮತ್ತೆ ಮತ್ತೆ ಬರುವ ಕಿಣ್ವವೆಂದರೆ ಜೀವಕೋಶ ತಯಾರಿಸುವ, ಸಾಮಾನ್ಯವಾಗಿ ಪ್ರೋಟೀನಿನಿಂದಾದ, ತಾನು ಖರ್ಚಾಗದೆ ಒಂದು ನಿರ್ದಿಷ್ಟ ರಸಾಯನಕ್ರಿಯೆಯನ್ನು ಲಕ್ಷಾಂತರ ಪಟ್ಟು ಚುರುಕುಗೊಳಿಸಬಲ್ಲ ವಸ್ತು. ಅದರ ಅಣುವಿನಲ್ಲಿ ಇರುವ ಸಣ್ಣ ಕುಳಿಯೊಂದಕ್ಕೆ ತಕ್ಕ ಆಕಾರದ ಅಣು ಬಂದು ಕೂತಾಗ ಕ್ರಿಯೆ ನಡೆಯುತ್ತದೆ. ಜರ್ಮನಿಯ ಎಮಿಲ್ ಫಿಷರ್ 1894ರಲ್ಲಿ ಇದನ್ನು ಬೀಗ ಮತ್ತು ಬೀಗದಕೈಗಳಿಗೆ ಹೋಲಿಸಿದರು. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಸೋಸಿದ, ಜೀವಂತ ಕೋಶವೊಂದೂ ಇಲ್ಲದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆಂದು ತೋರಿಸಿ, ಈ ಶಕ್ತಿ ಜೀವದ ಗೂಢಮಹಿಮೆಯಲ್ಲ, ಬೇರ್ಪಡಿಸಬಹುದಾದ ವಸ್ತುವಿನದು ಎಂಬುದನ್ನು ಸಾಬೀತುಪಡಿಸಿದರು. ಅದು ಪ್ರೋಟೀನೇ ಎಂಬ ನಿರ್ಣಯಕ್ಕೆ ಇನ್ನೂ ಮೂರು ದಶಕ ಬೇಕಾಯಿತು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಮೊದಲ ಬಾರಿಗೆ ಒಂದು ಕಿಣ್ವವನ್ನು ಹರಳುಗಟ್ಟಿಸಿದಾಗ ಅವರ ಕೈಯಲ್ಲಿದ್ದದ್ದು ಅವರೆಯ ಬಳಗಕ್ಕೆ ಸೇರಿದ ಒಂದು ದ್ವಿದಳ ಕಾಳಿನ ಹಿಟ್ಟು.

ಬೆಂಗಳೂರಿನಲ್ಲಿ ಜೀವರಸಾಯನ ವಿಭಾಗ ಬೇರೆಯಾಗಿ ನಿಂತದ್ದು 1921ರಲ್ಲಿ, ಅಂದರೆ ಸಮ್ನರರ ಹರಳಿಗೂ ಐದು ವರ್ಷ ಮೊದಲು. ಅದನ್ನು ಕಟ್ಟಿದ ಗಿಲ್ಬರ್ಟ್ ಫೌಲರ್ ಮ್ಯಾಂಚೆಸ್ಟರಿನಲ್ಲಿ ಚರಂಡಿನೀರನ್ನು ಸೂಕ್ಷ್ಮಜೀವಿಗಳಿಂದ ಶುದ್ಧಿಗೊಳಿಸುವ ವಿಧಾನಕ್ಕೆ ದಾರಿ ತೋರಿದವರು. ಪ್ರಯೋಗಾಲಯದ ವಿದ್ಯೆ ಊರಿನ ಅಗತ್ಯಕ್ಕೆ ಒದಗಬೇಕೆಂಬ ಅವರ ನಿಲುವು ವಿಭಾಗದ ಸ್ವಭಾವವಾಗಿಯೇ ಉಳಿಯಿತು. ಮುಂದೆ ವಿಭಾಗದ ಮುಖ್ಯಸ್ಥರಾದ ವಿ. ಸುಬ್ರಹ್ಮಣ್ಯನ್ 1950ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದದ್ದು ಆ ಸ್ವಭಾವದ ಮುಂದುವರಿಕೆಯೇ. ವಿಭಾಗ ರೂಪುಗೊಳ್ಳುತ್ತಿದ್ದ ಕಾಲದಲ್ಲಿಯೇ ಕನ್ನಡದಲ್ಲಿಯೂ ವಿಜ್ಞಾನದ ಬರವಣಿಗೆ ಸಾಗುತ್ತಿತ್ತು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ದುಡಿದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಪತ್ರಿಕೆಯನ್ನು ಹೊರಡಿಸಿದ್ದರು; ತಾವು ಭೌತವಿಜ್ಞಾನದ ಅಧ್ಯಾಪಕರಾಗಿದ್ದರೂ ‘ಜೀವವಿಜ್ಞಾನ’ ಎಂಬ ಗ್ರಂಥವನ್ನು ಕನ್ನಡಕ್ಕೆ ಕೊಟ್ಟರು.

1933ರಲ್ಲಿ ಸಿ. ವಿ. ರಾಮನ್ ಸಂಸ್ಥೆಯ ನಿರ್ದೇಶಕರಾದ ಹೊತ್ತಿಗೆ, ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದಿದ್ದ ಕಮಲಾ ಭಾಗವತ್ ಇಲ್ಲಿ ಸಂಶೋಧನೆಗೆ ಪ್ರವೇಶ ಕೋರಿದರು. ಅವರ ತಂದೆಯೂ ಚಿಕ್ಕಪ್ಪನೂ ಇದೇ ಸಂಸ್ಥೆಯಲ್ಲಿ ಓದಿದವರು. ಹೆಣ್ಣೆಂಬ ಕಾರಣಕ್ಕೆ ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಸತ್ಯಾಗ್ರಹದ ದಾರಿ ಹಿಡಿದು ಹಠ ಬಿಡದಿದ್ದಾಗ, ಮೊದಲ ವರ್ಷ ಪರೀಕ್ಷಾರ್ಥವೆಂದೂ, ಮಾರ್ಗದರ್ಶಕರು ಹೇಳಿದರೆ ರಾತ್ರಿಯಲ್ಲೂ ದುಡಿಯಬೇಕೆಂದೂ, ಪ್ರಯೋಗಾಲಯದ ವಾತಾವರಣ ಕೆಡಿಸಬಾರದೆಂದೂ ಷರತ್ತು ಹಾಕಿ ಒಪ್ಪಿದರು. ಮುಂದೆ ಮಲ್ಲೇಶ್ವರದ ‘ಪಂಚವಟಿ’ ಮನೆಯಲ್ಲಿ ನೆಲೆಸಿದ ಆ ಮಹಾವಿಜ್ಞಾನಿಯ ಸಾಧನೆಯನ್ನು ಗೌರವಿಸುವವರೂ ಈ ಷರತ್ತುಗಳು ಅನ್ಯಾಯವಾಗಿದ್ದವೆಂದು ಸ್ಪಷ್ಟವಾಗಿ ಹೇಳಲೇಬೇಕು. ಶ್ರೀಗಂಧದ ಶ್ರೀನಿವಾಸಯ್ಯನವರೇ ಕಮಲಾ ಅವರಿಗೆ ಮಾರ್ಗದರ್ಶಕರಾಗಿ ಒದಗಿದರು. ಅವರ ಬಳಿ ಹಾಲಿನ ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿ ಆಕೆ 1936ರಲ್ಲಿ ಎಂ.ಎಸ್ಸಿ. ಪದವಿ ಪಡೆದರು, ಅಷ್ಟರಲ್ಲಿ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆದಿತ್ತು.

ಅಲ್ಲಿಂದ ಕಮಲಾ ಕೇಂಬ್ರಿಜ್‌ಗೆ ಹೋಗಿ ರಾಬಿನ್ ಹಿಲ್ ಅವರ ಬಳಿ ಕೆಲಸಕ್ಕೆ ನಿಂತರು. ಬೇಳೆಯ ಪ್ರೋಟೀನಿನಿಂದ ಹಸಿರೆಲೆಯ ರಹಸ್ಯದ ಸಮೀಪಕ್ಕೆ ಹೋದ ಈ ಹೆಜ್ಜೆ ಬಹಳ ಮಹತ್ವದ್ದು. ಎಲೆಯನ್ನು ಅರೆದು ಬೇರ್ಪಡಿಸಿದ ಕ್ಲೋರೋಪ್ಲಾಸ್ಟುಗಳು, ಅಂದರೆ ಪತ್ರಹರಿತ್ತನ್ನು ಹೊತ್ತ ಹಸಿರು ಕಣಗಳು, ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡಿನ ನೆರವಿಲ್ಲದೆ, ಕಬ್ಬಿಣದ ಲವಣವೊಂದಕ್ಕೆ ಎಲೆಕ್ಟ್ರಾನುಗಳನ್ನು ದಾಟಿಸಿ ಆಮ್ಲಜನಕವನ್ನು ಬಿಡುತ್ತವೆಂದು ಹಿಲ್ 1937ರಲ್ಲಿ ತೋರಿಸಿದ್ದರು. ದ್ಯುತಿಸಂಶ್ಲೇಷಣೆ ಒಂದೇ ಏಟಿಗೆ ಆಗುವ ಕ್ರಿಯೆಯಲ್ಲ, ಬೆಳಕಿನಲ್ಲಿ ನೀರು ಒಡೆಯುವುದು ಒಂದು ಹಂತ, ಇಂಗಾಲದಿಂದ ಸಕ್ಕರೆ ಕಟ್ಟುವುದು ಮತ್ತೊಂದು ಹಂತ ಎಂಬ ತಿಳಿವು ಇದರಿಂದ ಗಟ್ಟಿಯಾಯಿತು. ಕಮಲಾ ಆಲೂಗಡ್ಡೆಯ ಮೇಲೆ ಪ್ರಯೋಗ ನಡೆಸಿ, ಪ್ರಾಣಿಗಳ ಉಸಿರಾಟದಲ್ಲಿ ಎಲೆಕ್ಟ್ರಾನುಗಳನ್ನು ಒಂದು ಕಿಣ್ವದಿಂದ ಇನ್ನೊಂದಕ್ಕೆ ದಾಟಿಸುವ, ಕಬ್ಬಿಣವನ್ನು ಒಡಲಲ್ಲಿಟ್ಟುಕೊಂಡ ಸೈಟೋಕ್ರೋಮ್-ಸಿ ಎಂಬ ಪ್ರೋಟೀನು ಸಸ್ಯಕೋಶದಲ್ಲಿಯೂ ಇದೆಯೆಂದು ಕಂಡುಕೊಂಡರು. ನಲವತ್ತು ಪುಟಗಳಷ್ಟು ಚಿಕ್ಕದಾದ ಪ್ರಬಂಧಕ್ಕೆ 1939ರಲ್ಲಿ ಪಿಎಚ್.ಡಿ. ದೊರೆಯಿತು. ಗಿಡ ಬೆಳಕಿನಲ್ಲಿ ಆಹಾರ ತಯಾರಿಸುವುದಷ್ಟೇ ಅಲ್ಲ, ಹಗಲೂ ಇರುಳೂ ಉಸಿರಾಡುತ್ತದೆ ಮತ್ತು ಆ ಉಸಿರಾಟದ ಸಲಕರಣೆ ಮನುಷ್ಯನದಕ್ಕೆ ಹತ್ತಿರದ ನೆಂಟ ಎಂಬುದಕ್ಕೆ ಇದು ಸಾಕ್ಷಿಯಾಯಿತು. ಹಸಿರೆಲೆಯೊಳಗೂ ಸೈಟೋಕ್ರೋಮಿನ ಬಂಧುಗಳನ್ನು ಹುಡುಕುತ್ತಲೇ ಸಾಗಿದ ಹಿಲ್, ಬೆಳಕು ಎರಡು ಕಡೆ ಎಲೆಕ್ಟ್ರಾನನ್ನು ಮೇಲೆತ್ತುತ್ತದೆ, ನಡುವಿನ ಇಳಿಜಾರಿನಲ್ಲಿ ಸೈಟೋಕ್ರೋಮುಗಳು ನಿಂತಿವೆ ಎಂಬ ನಕ್ಷೆಯನ್ನು ಫೇ ಬೆಂಡಾಲ್ ಅವರೊಡನೆ 1960ರಲ್ಲಿ ಮುಂದಿಟ್ಟರು.

ಸಕ್ಕರೆ ಕಟ್ಟುವ ಎರಡನೆಯ ಹಂತದ ಹಾದಿಯನ್ನು ಅಮೆರಿಕದಲ್ಲಿ ಕ್ಯಾಲ್ವಿನ್, ಬೆನ್ಸನ್, ಬ್ಯಾಶಮ್ ಅವರು ವಿಕಿರಣಶೀಲ ಇಂಗಾಲದ ಜಾಡು ಹಿಡಿದು ಬಿಡಿಸಿದರು. ಅಲ್ಲಿ ಗಾಳಿಯ ಇಂಗಾಲವನ್ನು ಹಿಡಿಯುವ ರುಬಿಸ್ಕೊ ಕಿಣ್ವ ಬಲು ನಿಧಾನಿ, ಸೆಕೆಂಡಿಗೆ ಕೆಲವೇ ಅಣುಗಳನ್ನು ಮುಟ್ಟುವಂಥದು. ಅದರ ಮೇಲೆ ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನೂ ಆಗಾಗ ಹಿಡಿದು ನಷ್ಟ ತಂದುಕೊಳ್ಳುತ್ತದೆ. ಭತ್ತವೂ ಅವರೆಯೂ ಈ ನಷ್ಟವನ್ನು ಸಹಿಸುತ್ತವೆ. ರಾಗಿ ಹಾಗಲ್ಲ: ಅದು ಬೇರೊಂದು ಕಿಣ್ವದಿಂದ ಇಂಗಾಲವನ್ನು ಮೊದಲು ಸೆರೆಹಿಡಿದು, ಎಲೆಯ ಒಳಗಿನ ಕೋಶಗಳಲ್ಲಿ ರುಬಿಸ್ಕೊ ಸುತ್ತ ಒಟ್ಟುಗೂಡಿಸುವ ಸಿ-4 ಬಗೆಯ ಬೆಳೆ, ಆದುದರಿಂದಲೇ ಬಿಸಿಲಿನಲ್ಲಿ, ಕಡಿಮೆ ನೀರಿನಲ್ಲಿ ಅದು ಕೈಕೊಡದೆ ನಿಲ್ಲುತ್ತದೆ.

ಸ್ವದೇಶಕ್ಕೆ ಮರಳಿ, 1947ರಲ್ಲಿ ವಿವಾಹದ ನಂತರ ಕಮಲಾ ಸೊಹೋನಿ ಎಂಬ ಹೆಸರಿನಿಂದ ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆನಿಂತ ಅವರು ನೀರಾ ಪಾನೀಯದ ಪೋಷಕಗುಣಗಳನ್ನು ಅಧ್ಯಯನ ಮಾಡಿದರು; 1950ರ ದಶಕದಲ್ಲಿ, ಬೆಂಗಳೂರಿನಲ್ಲಿ ಆರಂಭಿಸಿದ ಕಾಳುಗಳಿಗೇ ಹಿಂದಿರುಗಿ, ಅವುಗಳಲ್ಲಿರುವ ಟ್ರಿಪ್ಸಿನ್ ಪ್ರತಿರೋಧಕಗಳನ್ನು ವಿದ್ಯಾರ್ಥಿಗಳೊಡನೆ ಹುಡುಕಿದರು. ಟ್ರಿಪ್ಸಿನ್ ಎಂಬುದು ಸಣ್ಣಕರುಳಿನಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವ. ಹಸಿ ಕಾಳಿನಲ್ಲಿರುವ ಕೆಲವು ಪ್ರೋಟೀನುಗಳು ಅದರ ಕುಳಿಯೊಳಗೆ ಸೇರಿಕೊಂಡು ತುಂಡಾಗದೆ ಅಂಟಿಕೊಳ್ಳುವುದರಿಂದ ಕಿಣ್ವ ನಿಷ್ಕ್ರಿಯವಾಗುತ್ತದೆ. ಕಾಳನ್ನು ತಿನ್ನುವ ಹುಳುಗಳಿಂದ ಗಿಡ ತನ್ನ ಬೀಜವನ್ನು ಕಾಪಾಡಿಕೊಳ್ಳುವ ಉಪಾಯಗಳಲ್ಲಿ ಇದೂ ಒಂದು. ಮಾಗಿಯ ದಿನಗಳಲ್ಲಿ ಬಸವನಗುಡಿಯ ಅವರೆಮೇಳದಲ್ಲಿ ರಾಶಿ ಬೀಳುವ ಅವರೆಯಲ್ಲಿಯೂ ಈ ಪ್ರತಿರೋಧಕವಿದೆ. ನೀರಿನಲ್ಲಿ ಚೆನ್ನಾಗಿ ಬೇಯಿಸಿದಾಗ ಅದರ ಸುರುಳಿ ಬಿಚ್ಚಿಹೋಗಿ ಬಹುಮಟ್ಟಿಗೆ ನಾಶವಾಗುತ್ತದೆ. ಹಿತಕಿದ ಬೇಳೆಯ ಸಾರನ್ನು ಕಾಳು ಮೆತ್ತಗಾಗುವ ತನಕ ಒಲೆಯ ಮೇಲೆ ಕುದಿಸುವ ವಾಡಿಕೆ ರುಚಿಗೆ ಮಾತ್ರವಲ್ಲ, ಆ ಕಾಳಿನ ಪ್ರೋಟೀನು ಉಂಡವರ ಮೈಗೆ ದಕ್ಕುವುದಕ್ಕೂ ಬೇಕಾದದ್ದು.