ಆರು ಕಂಠ, ಹತ್ತು ನಿಮಿಷ: ಸಹ್ಯಾದ್ರಿ ಸೀಮೆಯ ಸಮೂಹ ಗಾಯನ

ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಯುವಜನೋತ್ಸವದಲ್ಲಿ ಸಮೂಹ ಗಾಯನದ ಕಟ್ಟಳೆ ಬಲು ಬಿಗಿ. ಹಾಡುವವರು 6 ಜನರನ್ನು ಮೀರುವಂತಿಲ್ಲ, ಪಕ್ಕವಾದ್ಯದವರು 3 ಜನ. ವಾದ್ಯ ಹೊಂದಿಸಿಕೊಳ್ಳಲು 4 ನಿಮಿಷ, ಹಾಡಲು 10 ನಿಮಿಷ. ಸಿನಿಮಾ ಹಾಡು ಕೂಡದು. ಉಡುಪಿಗೂ ಹಾವಭಾವಕ್ಕೂ ಅಂಕವಿಲ್ಲ. ತೀರ್ಪುಗಾರರು ತೂಗುವುದು ಗಾಯನವನ್ನು ಮಾತ್ರ.

ಕುವೆಂಪು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ತಂಡ ಕಟ್ಟಲು ಕೂತಾಗ ಮೊದಲು ಏಳುವ ಪ್ರಶ್ನೆ, ಯಾವ ಹಾಡು? ಆ ಹುಡುಕಾಟಕ್ಕೆ ಇಲ್ಲಿನವರು ದೂರ ಹೋಗಬೇಕಿಲ್ಲ. 1987ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯ ಯಾರ ಹೆಸರು ಹೊತ್ತಿದೆಯೋ ಆ ಕವಿ ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನದು, ಬೆಳೆದ ಕುಪ್ಪಳಿ ತೀರ್ಥಹಳ್ಳಿ ತಾಲ್ಲೂಕಿನದು. ಎರಡೂ ಇದರ ವ್ಯಾಪ್ತಿಯಲ್ಲೇ ಇವೆ. ಜಿ.ಎಸ್. ಶಿವರುದ್ರಪ್ಪನವರದು ಶಿಕಾರಿಪುರ ತಾಲ್ಲೂಕಿನ ಈಸೂರು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶಿವಮೊಗ್ಗದಲ್ಲೇ ಹುಟ್ಟಿದವರು. ಎಚ್.ಎಸ್. ವೆಂಕಟೇಶಮೂರ್ತಿಯವರ ಹೋದಿಗೆರೆ ಇರುವ ಚನ್ನಗಿರಿ ತಾಲ್ಲೂಕು 1997ರವರೆಗೆ ಶಿವಮೊಗ್ಗ ಜಿಲ್ಲೆಗೇ ಸೇರಿತ್ತು. ಕನ್ನಡ ಭಾವಗೀತೆಯ ವೇದಿಕೆಯಲ್ಲಿ ಇಂದಿಗೂ ಹೆಚ್ಚು ಕೇಳಿಬರುವ ಹೆಸರುಗಳಲ್ಲಿ ಇಷ್ಟೊಂದು ಒಂದೇ ಸೀಮೆಯವು. ಇಲ್ಲಿನ ಸಮೂಹ ಗಾಯನದ ನಿಜವಾದ ಬಲ ಇದು. ಹಾಡುವ ಹುಡುಗರಿಗೆ ಆ ಪದ್ಯದ ಹೊಳೆ, ಕಾಡು, ಮಳೆ ಎಲ್ಲವೂ ಕಣ್ಣಾರೆ ಕಂಡವು.

ಒಂದು ಹಾಡಂತೂ ಕಾಲೇಜಿನ ಅಂಗಳಕ್ಕೇ ಸೇರಿದ್ದು ಎನ್ನಬಹುದು. 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾದ, ಶಿವಮೊಗ್ಗದ ವಿದ್ಯಾನಗರದಲ್ಲಿರುವ ಸಹ್ಯಾದ್ರಿ ಕಾಲೇಜು ಈಗ ವಿಶ್ವವಿದ್ಯಾಲಯದ ಘಟಕ. ಪಿ. ಲಂಕೇಶರು ಇಂಗ್ಲಿಷ್ ಪಾಠ ಹೇಳಿದ ಕಾಲೇಜು ಅದು. ಅಲ್ಲಿಗೇ ಭೂವಿಜ್ಞಾನದ ಅಧ್ಯಾಪಕರಾಗಿ ಬಂದವರು ಕೆ.ಎಸ್. ನಿಸಾರ್ ಅಹಮದ್. ಹುಟ್ಟಿದ್ದು ದೇವನಹಳ್ಳಿಯಲ್ಲಿ, 1936ರಲ್ಲಿ. ಬಯಲು ಸೀಮೆಯಿಂದ ಬಂದು ಇಲ್ಲಿ ತರಗತಿಯಲ್ಲಿ ಕಲ್ಲು, ಖನಿಜಗಳ ಪಾಠ ಹೇಳುತ್ತಿದ್ದ ಈ ಮೇಷ್ಟರ ‘ನಿತ್ಯೋತ್ಸವ’ದಲ್ಲಿ ಮಲೆನಾಡಿನ ಜಲಪಾತ, ಹೊಳೆ, ಕಾಡು ಒಂದೊಂದಾಗಿ ಬಂದು ನಿಂತವು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಅದೇ ಹೆಸರಿನ ಕ್ಯಾಸೆಟ್ ಹೊರಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅದು. ಅಲ್ಲಿಂದ ಮುಂದೆ ರಾಜ್ಯೋತ್ಸವದ ಬೆಳಿಗ್ಗೆ ಆ ಹಾಡಿಲ್ಲದ ಶಾಲೆ ಕಾಲೇಜು ಸಿಗುವುದು ಅಪರೂಪವಾಯಿತು. 2006ರ ಡಿಸೆಂಬರ್‌ನಲ್ಲಿ 73ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಶಿವಮೊಗ್ಗದಲ್ಲಿ ನಡೆದಾಗ ಅಧ್ಯಕ್ಷರ ಪೀಠದಲ್ಲಿ ಕೂತವರು ಅದೇ ನಿಸಾರ್ ಅಹಮದ್.

ದನಿಯ ವಿಷಯಕ್ಕೆ ಬಂದರೆ ಮೊದಲು ನೆನೆಯಬೇಕಾದವರು ಶಿವಮೊಗ್ಗ ಸುಬ್ಬಣ್ಣ. ಹೊಸನಗರ ತಾಲ್ಲೂಕಿನ ನಗರದವರು, ಕಾನೂನು ಓದಿ ವಕೀಲರಾದವರು. ‘ಕಾಡು ಕುದುರೆ’ ಚಿತ್ರಕ್ಕಾಗಿ ಚಂದ್ರಶೇಖರ ಕಂಬಾರರ ಗೀತೆ ಹಾಡಿ, 1978ನೇ ಸಾಲಿನ ರಾಷ್ಟ್ರಪ್ರಶಸ್ತಿಯನ್ನು ಕನ್ನಡದ ಹಿನ್ನೆಲೆ ಗಾಯನಕ್ಕೆ ಮೊದಲ ಬಾರಿಗೆ ತಂದರು. ಅವರದು ಒಂಟಿ ಕಂಠದ ಸಾಧನೆ, ನಿಜ. ಆದರೆ ಕುವೆಂಪು ಗೀತೆಗಳನ್ನು ಅವರು ತುಂಬುಗಂಠದಲ್ಲಿ ಎತ್ತಿಕೊಳ್ಳುತ್ತಿದ್ದ ರೀತಿ ತಂಡದ ಹಾಡುಗಾರರಿಗೆ ಪಾಠವಾಯಿತು: ಅಕ್ಷರ ನುಂಗಬಾರದು, ಪದ ಒಡೆಯಬಾರದು.

ಹೇಳುವುದು ಸುಲಭ. ಆರು ಜನ ಒಟ್ಟಿಗೆ ಅದನ್ನು ಮಾಡುವುದು ಎಷ್ಟು ಕಷ್ಟ ಎಂಬುದು ತಾಲೀಮಿನ ಕೋಣೆಗೆ ಹೋದರೆ ತಿಳಿಯುತ್ತದೆ. ಮೊದಲ ತಕರಾರು ಶ್ರುತಿಯದು. ಹುಡುಗಿಯರಿಗೆ ಹಾರ್ಮೋನಿಯಂನ ಐದು ಮನೆ ಹಿತ, ಹುಡುಗರಿಗೆ ಒಂದು ಮನೆ. ಐದಕ್ಕೆ ಹಿಡಿದರೆ ಪಲ್ಲವಿ ದಾಟಿ ಚರಣ ಮೇಲೇರುವಾಗ ಹುಡುಗರ ಗಂಟಲು ಕಟ್ಟುತ್ತದೆ. ಒಂದಕ್ಕೆ ಇಳಿಸಿದರೆ ಮಂದ್ರದಲ್ಲಿ ಹುಡುಗಿಯರ ದನಿ ಕೇಳಿಸುವುದೇ ಇಲ್ಲ. ಹಾಗಾಗಿ ಸಾಲುಗಳನ್ನು ಹಂಚುತ್ತಾರೆ. ಪಲ್ಲವಿ ಎಲ್ಲರದು, ಮೊದಲ ಚರಣ ಹುಡುಗಿಯರದು, ಎರಡನೆಯದು ಹುಡುಗರದು, ಕೊನೆಗೆ ಮತ್ತೆ ಎಲ್ಲರೂ. ಆಮೇಲೆ ಉಸಿರಿನ ಲೆಕ್ಕ. ಆರೂ ಜನ ಒಂದೇ ಜಾಗದಲ್ಲಿ ಉಸಿರೆಳೆದರೆ ಹಾಡಿನ ನಡುವೆ ಬಿರುಕು ಕಾಣುತ್ತದೆ, ಆದ್ದರಿಂದ ಯಾರು ಎಲ್ಲಿ ಉಸಿರು ಕದಿಯಬೇಕು ಎಂದು ಸಾಹಿತ್ಯದ ಹಾಳೆಯ ಮೇಲೆ ಪೆನ್ಸಿಲ್ ಗುರುತು ಬೀಳುತ್ತದೆ. ಒತ್ತಕ್ಷರದಲ್ಲಿ ಒಬ್ಬರು ಅರೆಕ್ಷಣ ಮುಂದಾದರೂ ಇಡೀ ಸಾಲು ಕಲಸಿಹೋಗುತ್ತದೆ. ಒಳ್ಳೆಯ ಕಂಠದವರು ತಮ್ಮ ದನಿ ತಗ್ಗಿಸಲು ಕಲಿಯಬೇಕು. ಎಲ್ಲಕ್ಕಿಂತ ಕಷ್ಟದ ಪಾಠ ಬಹುಶಃ ಇದೇ. ತರಗತಿ ಮುಗಿದ ಮೇಲೆ ನಡೆಯುವ ತಾಲೀಮು ಬಿಟ್ಟ ನಂತರ ವಿಶ್ವವಿದ್ಯಾಲಯದ ಆವರಣವಿರುವ ಶಂಕರಘಟ್ಟದಿಂದ ಭದ್ರಾವತಿಯ ಹೊಸಮನೆಗೋ ಶಿವಮೊಗ್ಗದ ಹೊಸಮನೆಗೋ ಬಸ್ಸು ಹಿಡಿಯಬೇಕಾದ ಮಕ್ಕಳು ಇಷ್ಟಕ್ಕೂ ಸಮಯ ಕೊಡುತ್ತಾರೆ ಎಂಬುದನ್ನು ಸ್ಮರಣ ಸಂಚಿಕೆಗಳು ಬಹುಮಾನದ ಪಟ್ಟಿಯ ಪಕ್ಕದಲ್ಲೇ ಬರೆದಿಡಬೇಕು.

ಸಮೂಹ ಗಾಯನ ಸ್ಪರ್ಧೆಯ ವೇದಿಕೆಯಲ್ಲಷ್ಟೇ ಬೆಳೆಯಲಿಲ್ಲ. ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ 1970ರ ದಶಕದಲ್ಲಿ ಇನ್ನೊಂದು ಬಗೆಯ ಮೇಳ ಎದ್ದಿತು. ಅಲ್ಲಿನ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಕಣ್ಣುಬಿಟ್ಟಿದ್ದು ಆ ಊರಿನಲ್ಲಿ. 1975ರಲ್ಲಿ ಪ್ರಕಟವಾದ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನದ ಪದ್ಯಗಳು ಚಳವಳಿಯ ಮೆರವಣಿಗೆಗಳಲ್ಲಿ, ಸಭೆಗಳಲ್ಲಿ ತಮಟೆಯ ಬಡಿತಕ್ಕೆ ಹಾಡಾದವು. ಅಲ್ಲಿ ಆರು ಜನರೆಂಬ ಮಿತಿಯಿಲ್ಲ, ಗಡಿಯಾರವಿಲ್ಲ. ಒಬ್ಬರು ಸಾಲು ಹೇಳಿಕೊಟ್ಟರೆ ನೆರೆದವರೆಲ್ಲ ಎತ್ತಿಕೊಳ್ಳುವ ಕ್ರಮ. ಅಕ್ಷರ ಬಾರದವರೂ ಎರಡನೆಯ ಸುತ್ತಿಗೆ ದನಿಗೂಡಿಸುತ್ತಿದ್ದರು. ಶ್ರುತಿ ಶುದ್ಧಿಯ ಅಳತೆಗೋಲು ಹಿಡಿದು ಇದನ್ನು ಕಡೆಗಣಿಸುವುದು ಅನ್ಯಾಯ. ಕನ್ನಡದ ಸಮೂಹ ಗಾಯನದ ಚರಿತ್ರೆಯಲ್ಲಿ ಮೇಳಗೀತೆಯ ಅರ್ಥವನ್ನೇ ಹಿಗ್ಗಿಸಿದ ಅಧ್ಯಾಯ ಅದು.

ಎರಡೂ ಬಗೆಯ ದನಿಗಳ ನಡುವೆ 1965ರಿಂದ ಭದ್ರಾವತಿ ಆಕಾಶವಾಣಿ ಇದೆ. 675 ಕಿಲೋಹರ್ಟ್ಸ್ ಎಂಬ ಅಂಕೆ ಈ ಭಾಗದ ಹಿರಿಯರಿಗೆ ಮನೆಯ ಬಾಗಿಲಿನ ನಂಬರಿನಷ್ಟೇ ಪರಿಚಿತ. ಧ್ವನಿ ಪರೀಕ್ಷೆ ಪಾಸಾಗಿ ಅಲ್ಲಿನ ಮೈಕಿನ ಮುಂದೆ ನಿಲ್ಲುವುದು ಸುಗಮ ಸಂಗೀತದ ಹಾದಿ ಹಿಡಿದ ವಿದ್ಯಾರ್ಥಿಗಳ ಮೊದಲ ಹೆಮ್ಮೆ.

ನಾಡಗೀತೆಯ ಕಥೆಯೂ ಇಲ್ಲಿಗೇ ಸೇರುತ್ತದೆ. ಕುವೆಂಪು ಅವರ ರಚನೆ ನಾಡಗೀತೆಯೆಂದು ಘೋಷಣೆಯಾದದ್ದು 2004ರ ಜನವರಿಯಲ್ಲಿ. ಧಾಟಿಯ ಚರ್ಚೆ ಮಾತ್ರ ವರ್ಷಗಟ್ಟಲೆ ನಡೆಯಿತು, ಅನಂತಸ್ವಾಮಿಯವರದೋ ಸಿ. ಅಶ್ವತ್ಥರದೋ ಎಂದು ಗಾಯಕರಲ್ಲೇ ಎರಡು ಪಕ್ಷ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಇಡೀ ಗೀತೆಯನ್ನು ಆಲಾಪ, ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದಿತು. ವಿದ್ಯಾರ್ಥಿ ತಂಡಗಳಿಗೆ ಇದರಿಂದ ಅನುಕೂಲವೇ ಆಯಿತು. ಬೇರೆ ಬೇರೆ ಕಾಲೇಜಿನವರು ಒಂದೇ ವೇದಿಕೆ ಹತ್ತಿದರೂ ಈಗ ಧಾಟಿಗಾಗಿ ಪರದಾಡಬೇಕಿಲ್ಲ.

ವಿಶ್ವವಿದ್ಯಾಲಯದ ತಂಡವೊಂದು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಮ್ಯಾಡ್ರಿಗಲ್ ಸಿಂಗರ್ಸ್ ಕಡೆ ನೋಡಬಹುದು. ಆಂಡ್ರಿಯಾ ವೆನೆರಾಸಿಯೋನ್ ಎಂಬ ಅಧ್ಯಾಪಕಿ 1963ರಲ್ಲಿ ಕಟ್ಟಿದ ಬಳಗವದು. ಎದುರಿಗೆ ನಿಂತು ಕೈಬೀಸುವ ನಿರ್ದೇಶಕರಿಲ್ಲದೆ, ಅರ್ಧವೃತ್ತದಲ್ಲಿ ಕೂತು ಹಾಡುತ್ತಾರೆ. ಮುಂದಾಳೂ ಆ ಸಾಲಿನಲ್ಲೇ ಒಬ್ಬರು. 1997ರಲ್ಲಿ, ಮತ್ತೆ 2007ರಲ್ಲಿ ಸಮೂಹ ಗಾಯನದ ಯುರೋಪಿಯನ್ ಗ್ರ್ಯಾಂಡ್ ಪ್ರಿ ಗೆದ್ದರು. ಹತ್ತಿರದ ಉದಾಹರಣೆಯೂ ಉಂಟು: ಎಂ.ಬಿ. ಶ್ರೀನಿವಾಸನ್ ಕಟ್ಟಿದ ಮದ್ರಾಸ್ ಯೂತ್ ಕ್ವಾಯರ್. ಭಾರತೀಯ ಭಾಷೆಗಳ ಹಾಡುಗಳನ್ನು ಬೇರೆ ಬೇರೆ ಸ್ವರಪದರಗಳಲ್ಲಿ ಏಕಕಾಲಕ್ಕೆ ಹಾಡಿಸಬಹುದು, ಹಾಗೆ ಹಾಡಿಸಿದರೂ ಅವು ನಮ್ಮ ಹಾಡುಗಳಾಗಿಯೇ ಉಳಿಯುತ್ತವೆ ಎಂದು ಅವರು ತೋರಿಸಿಕೊಟ್ಟರು.

ಸಹ್ಯಾದ್ರಿ ಸೀಮೆಯ ತಂಡಗಳಿಗೆ ಹಾಡುಗಳ ಬಡತನವಿಲ್ಲ, ಕಂಠಗಳ ಬಡತನವೂ ಇಲ್ಲ. ತೊಡಕಿರುವುದು ಮುಂದುವರಿಕೆಯಲ್ಲಿ. ಪದವಿ ಮೂರು ವರ್ಷದ್ದು. ಆರು ದನಿ ಒಂದಾಗುವ ಹೊತ್ತಿಗೆ ಇಬ್ಬರು ಕೊನೆಯ ಪರೀಕ್ಷೆ ಬರೆದು ಹೊರಡುತ್ತಾರೆ, ಅವರೊಂದಿಗೆ ಸಾಲು ಹಂಚಿಕೆಯ ಹಾಳೆಗಳೂ ಹೋಗಿಬಿಡುತ್ತವೆ. ಆ ಹಾಳೆಗಳನ್ನು, ಸ್ವರಲಿಪಿಯನ್ನು, ತಾಲೀಮಿನ ಧ್ವನಿಮುದ್ರಿಕೆಯನ್ನು ಪ್ರತಿ ವರ್ಷ ಗ್ರಂಥಾಲಯದಲ್ಲಿ ಒಂದು ಕಪಾಟಿಗೆ ಸೇರಿಸುವುದಕ್ಕೆ ದೊಡ್ಡ ಅನುದಾನವೇನೂ ಬೇಡ. ಜೊತೆಗೆ ಹಾರ್ಮೋನಿಯಂ, ತಬಲಾ ನುಡಿಸಿದವರ ಹೆಸರನ್ನೂ ಬರೆದಿಡಲಿ. ಹಳೆಯ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಸ್ಪರ್ಧೆಯ ಹಂಗಿಲ್ಲದ 30, 40 ದನಿಗಳ ಮೇಳವೊಂದು ಶಂಕರಘಟ್ಟದಲ್ಲಿ ನೆಲೆಯೂರಲಿ. ಅದರ ಮೊದಲ ಕಛೇರಿಯಲ್ಲಿ ನಿಸಾರ್ ಅಹಮದರ ಪದ್ಯದ ಜೊತೆಗೇ ಸಿದ್ದಲಿಂಗಯ್ಯನವರ ಪದ್ಯವೂ ಇರಲಿ, ಹಾರ್ಮೋನಿಯಂ ಪಕ್ಕದಲ್ಲೇ ತಮಟೆಯೂ ಇರಲಿ.