ಡಾರಿಯೊ ಹ್ಯೂಬ್ನರ್

ಡಾರಿಯೊ ಹ್ಯೂಬ್ನರ್ (ಜನನ: ೨೮ ಏಪ್ರಿಲ್ ೧೯೬೭) ಇಟಲಿಯ ಮಾಜಿ ಫುಟ್‌ಬಾಲ್ ಆಟಗಾರರು. ಮುಂಪಡೆಯಲ್ಲಿ ಸ್ಟ್ರೈಕರ್ ಆಗಿ ಆಡುತ್ತಿದ್ದ ಇವರು ತಮ್ಮ ವೃತ್ತಿಜೀವನದ ಮೊದಲ ಹತ್ತು ವರ್ಷಗಳನ್ನು ಕೆಳದರ್ಜೆಯ ಲೀಗ್‌ಗಳಲ್ಲಿಯೇ ಕಳೆದರು. ಮೂವತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ದೇಶದ ಅಗ್ರ ಲೀಗ್ ಆದ ಸೀರಿ ಎ ಪ್ರವೇಶಿಸಿ, ಮೂವತ್ತೈದನೆಯ ವಯಸ್ಸಿಗೆ ಅಲ್ಲಿಯೂ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರರೆನಿಸಿದರು. ಸೀರಿ ಎ, ಸೀರಿ ಬಿ ಮತ್ತು ಸೀರಿ ಸಿ೧ ಈ ಮೂರೂ ಹಂತಗಳಲ್ಲಿ ಗೋಲು ಗಳಿಕೆಯ ಅಗ್ರಸ್ಥಾನ ಪಡೆದವರು ಇಬ್ಬರೇ: ಒಬ್ಬರು ಹ್ಯೂಬ್ನರ್, ಇನ್ನೊಬ್ಬರು ಇಗೊರ್ ಪ್ರೊತ್ತಿ.

ಹಿನ್ನೆಲೆ

ಹ್ಯೂಬ್ನರ್ ಜನಿಸಿದ್ದು ಈಶಾನ್ಯ ಇಟಲಿಯ ಬಂದರು ನಗರ ತ್ರಿಯೆಸ್ತೆಯಲ್ಲಿ. ಅವರ ಮನೆತನದ ಹೆಸರು ಜರ್ಮನ್ ಮೂಲದ್ದು. ಶಾಲಾ ಶಿಕ್ಷಣವನ್ನು ಬೇಗನೆ ಮುಗಿಸಿದ ಅವರು ಯೌವನದ ಆರಂಭದಲ್ಲಿ ಲೋಹದ ಕೆಲಸ ಮಾಡಿ ದುಡಿಯುತ್ತಲೇ ಸ್ಥಳೀಯ ತಂಡವಾದ ಮುಜ್ಜೆಸಾನಾ ಪರವಾಗಿ ಆಡುತ್ತಿದ್ದರು. ದೊಡ್ಡ ಕ್ಲಬ್‌ಗಳ ಕಿರಿಯರ ತರಬೇತಿ ಕೇಂದ್ರಗಳಲ್ಲಿ ಬೆಳೆದು ಬರುವ ಆಟಗಾರರ ದಾರಿ ಅವರದಾಗಿರಲಿಲ್ಲ.

ಇಟಲಿಯ ಲೀಗ್ ವ್ಯವಸ್ಥೆ

ಇಟಲಿಯ ಫುಟ್‌ಬಾಲ್ ವ್ಯವಸ್ಥೆ ಮೆಟ್ಟಿಲುಗಳ ರೀತಿಯಲ್ಲಿದೆ. ಎಲ್ಲಕ್ಕಿಂತ ಮೇಲೆ ಸೀರಿ ಎ, ಅದರ ಕೆಳಗೆ ಸೀರಿ ಬಿ. ಮೂರನೆಯ ಹಂತವಾದ ಸೀರಿ ಸಿ ೧೯೭೮ರಿಂದ ೨೦೦೮ರವರೆಗೆ ಸಿ೧ ಮತ್ತು ಸಿ೨ ಎಂದು ಇಬ್ಭಾಗವಾಗಿತ್ತು. ಸಿ೧ರಲ್ಲಿ ಎರಡು ಗುಂಪುಗಳಿದ್ದವು. ಇವುಗಳ ಕೆಳಗೆ ಹವ್ಯಾಸಿ ಲೀಗ್‌ಗಳು ಬರುತ್ತವೆ. ಪ್ರತಿ ಋತುವಿನ ಕೊನೆಯಲ್ಲಿ ಮುಂದಿರುವ ಕೆಲವು ತಂಡಗಳು ಮೇಲಿನ ದರ್ಜೆಗೆ ಏರುತ್ತವೆ, ಹಿಂದುಳಿದವು ಕೆಳಗಿಳಿಯುತ್ತವೆ. ಆಟಗಾರನೊಬ್ಬ ಮೇಲೇರಬೇಕಾದರೆ ಅವನ ತಂಡ ಬಡ್ತಿ ಪಡೆಯಬೇಕು ಅಥವಾ ಮೇಲಿನ ದರ್ಜೆಯ ಕ್ಲಬ್ ಅವನನ್ನು ಕೊಳ್ಳಬೇಕು. ಹ್ಯೂಬ್ನರ್ ಆಟ ಆರಂಭಿಸಿದ ೧೯೮೦ರ ದಶಕದ ಉತ್ತರಾರ್ಧದಲ್ಲಿ ಸೀರಿ ಎ ಜಗತ್ತಿನ ಶ್ರೇಷ್ಠ ಲೀಗ್ ಎನಿಸಿಕೊಂಡಿತ್ತು. ಡಿಯಾಗೊ ಮರಡೋನಾ, ಮಾರ್ಕೊ ವಾನ್ ಬಾಸ್ಟೆನ್ ಮೊದಲಾದವರು ಆಡುತ್ತಿದ್ದ ಆ ಲೀಗ್‌ನ ಮುಂಪಡೆಯಲ್ಲಿ ಸ್ಥಾನ ಪಡೆಯುವುದು ಕೆಳಹಂತದ ಆಟಗಾರರಿಗೆ ಸುಲಭವಾಗಿರಲಿಲ್ಲ.

ಕೆಳದರ್ಜೆಯ ಲೀಗ್‌ಗಳಲ್ಲಿ

೧೯೮೭ರಲ್ಲಿ ಪಿಯೆವಿಜಿನಾ, ಮರುವರ್ಷ ಪೆರ್ಗೊಕ್ರೆಮಾ ಕ್ಲಬ್‌ಗಳಲ್ಲಿ ಆಡಿದ ಹ್ಯೂಬ್ನರ್ ೧೯೮೯ರಲ್ಲಿ ಏಡ್ರಿಯಾಟಿಕ್ ಕರಾವಳಿಯ ಫಾನೊ ತಂಡವನ್ನು ಸೇರಿದರು. ಅಲ್ಲಿ ಮೂರು ಋತುಗಳನ್ನು ಕಳೆದ ಅವರು ೧೯೯೧–೯೨ರಲ್ಲಿ ೧೪ ಗೋಲುಗಳೊಂದಿಗೆ ಸಿ೧ರ ತಮ್ಮ ಗುಂಪಿನಲ್ಲಿ ಅಗ್ರಸ್ಥಾನ ಪಡೆದರು. ಈ ಸಾಧನೆ ಅವರನ್ನು ಒಂದು ಮೆಟ್ಟಿಲು ಮೇಲಕ್ಕೇರಿಸಿತು. ೧೯೯೨ರಲ್ಲಿ ಸೀರಿ ಬಿಯ ಚೆಸೆನಾ ತಂಡ ಅವರನ್ನು ಸೇರಿಸಿಕೊಂಡಿತು.

ಚೆಸೆನಾದಲ್ಲಿ ಅವರು ಐದು ವರ್ಷ ಆಡಿದರು. ೧೯೯೫–೯೬ರಲ್ಲಿ ೨೨ ಗೋಲು ಗಳಿಸಿ ಸೀರಿ ಬಿಯಲ್ಲಿಯೂ ಮೊದಲಿಗರಾದರು. ಆದರೂ ಮೇಲಿನ ದರ್ಜೆಯ ಬಾಗಿಲು ಕೂಡಲೇ ತೆರೆಯಲಿಲ್ಲ. ಮರುವರ್ಷ ಚೆಸೆನಾ ತಂಡವೇ ಸಿ೧ಕ್ಕೆ ಇಳಿಯಿತು. ಅದೇ ಸಮಯದಲ್ಲಿ ಸೀರಿ ಎಗೆ ಬಡ್ತಿ ಪಡೆದಿದ್ದ ಬ್ರೆಷಾ ಅವರನ್ನು ಕರೆದುಕೊಂಡಿತು.

ಬ್ರೆಷಾ

೧೯೯೭ರ ಆಗಸ್ಟ್ ೩೧ರಂದು ಮಿಲಾನ್‌ನ ಸಾನ್ ಸಿರೊ ಕ್ರೀಡಾಂಗಣದಲ್ಲಿ ಇಂಟರ್ ತಂಡದ ವಿರುದ್ಧ ಹ್ಯೂಬ್ನರ್ ಸೀರಿ ಎಯಲ್ಲಿ ಮೊದಲ ಪಂದ್ಯ ಆಡಿದರು. ಬ್ರೆಜಿಲ್‌ನ ರೊನಾಲ್ಡೊ ಸೀರಿ ಎಗೆ ಕಾಲಿಟ್ಟದ್ದೂ ಅದೇ ಪಂದ್ಯದಲ್ಲಿ. ಎಲ್ಲರ ಕಣ್ಣು ಅವರ ಮೇಲಿದ್ದ ಆ ದಿನ ಮೊದಲ ಗೋಲು ಗಳಿಸಿದವರು ಮೂವತ್ತು ವರ್ಷದ ಹೊಸಬ ಹ್ಯೂಬ್ನರ್. ಕೊನೆಯ ಹಂತದಲ್ಲಿ ಉರುಗ್ವೆಯ ಆಲ್ವಾರೊ ರೆಕೊಬಾ ದೂರದಿಂದ ಹೊಡೆದ ಎರಡು ಗೋಲುಗಳಿಂದ ಇಂಟರ್ ೨–೧ರಿಂದ ಗೆದ್ದಿತು. ಆ ಋತುವಿನಲ್ಲಿ ಹ್ಯೂಬ್ನರ್ ೧೬ ಗೋಲು ಗಳಿಸಿದರೂ ಬ್ರೆಷಾ ಸೀರಿ ಬಿಗೆ ಇಳಿಯಿತು.

ಅವರು ತಂಡದೊಂದಿಗೇ ಉಳಿದರು. ೨೦೦೦ರಲ್ಲಿ ಬ್ರೆಷಾ ಮತ್ತೆ ಮೇಲೇರಿತು. ೨೦೦೦–೦೧ರಲ್ಲಿ ಕಾರ್ಲೊ ಮಜ್ಜೋನೆ ಅವರ ತರಬೇತಿಯಲ್ಲಿ, ರೊಬೆರ್ತೊ ಬಾಜ್ಜೊ ಅವರ ಜೊತೆಗಾರರಾಗಿ ಆಡಿದ ಹ್ಯೂಬ್ನರ್ ೧೭ ಗೋಲು ಗಳಿಸಿದರು. ೨೦೦೧ರ ಬೇಸಿಗೆಯಲ್ಲಿ ಅವರು ಬ್ರೆಷಾ ತೊರೆದು, ಆಗಷ್ಟೇ ಸೀರಿ ಎಗೆ ಮರಳಿದ್ದ ಪಿಯಾಚೆಂಜಾ ಕ್ಲಬ್ ಸೇರಿದರು. ಬ್ರೆಷಾಕ್ಕೆ ಅದೇ ಬೇಸಿಗೆಯಲ್ಲಿ ಬಂದ ಯುವ ಸ್ಟ್ರೈಕರ್ ಲೂಕಾ ಟೋನಿ.

ಪಿಯಾಚೆಂಜಾ ಮತ್ತು ಅಗ್ರಸ್ಥಾನ

೨೦೦೧–೦೨ರ ಋತು ಹ್ಯೂಬ್ನರ್ ಅವರ ವೃತ್ತಿಜೀವನದ ಶಿಖರ. ಕೆಳಗಿಳಿಯುವ ಭೀತಿಯಲ್ಲಿಯೇ ಋತುವಿಡೀ ಹೋರಾಡಿದ ಸಣ್ಣ ತಂಡದಲ್ಲಿ ಆಡುತ್ತ ಅವರು ೨೪ ಗೋಲು ಗಳಿಸಿದರು. ಚಾಂಪಿಯನ್ ಆದ ಯುವೆಂಟಸ್ ತಂಡದ ಫ್ರೆಂಚ್ ಆಟಗಾರ ಡೇವಿಡ್ ತ್ರೆಜೆಗೆ ಕೂಡ ೨೪ ಗೋಲು ಗಳಿಸಿದ್ದರಿಂದ ಅಗ್ರಸ್ಥಾನ ಇಬ್ಬರಿಗೂ ಸಂದಿತು. ಋತುವಿನ ಕೊನೆಯ ಪಂದ್ಯದಲ್ಲಿ ಪಿಯಾಚೆಂಜಾ ೩–೦ರಿಂದ ವೆರೋನಾವನ್ನು ಸೋಲಿಸಿ ಸೀರಿ ಎಯಲ್ಲಿ ಉಳಿದುಕೊಂಡಿತು, ವೆರೋನಾ ಕೆಳಗಿಳಿಯಿತು. ಆ ಪಂದ್ಯದಲ್ಲಿಯೂ ಹ್ಯೂಬ್ನರ್ ಗೋಲು ಗಳಿಸಿದರು.

ಸೀರಿ ಎಯ ಅಗ್ರ ಗೋಲು ಗಳಿಕೆದಾರರಲ್ಲಿ ಅತಿ ಹಿರಿಯರೆಂಬ ಅವರ ದಾಖಲೆ ೨೦೧೪–೧೫ರವರೆಗೆ ಉಳಿಯಿತು. ಅದನ್ನು ಮುರಿದವರು, ಆಗ ವೆರೋನಾ ಪರ ಆಡುತ್ತಿದ್ದ ಲೂಕಾ ಟೋನಿ.

ರಾಷ್ಟ್ರೀಯ ತಂಡ

ಹ್ಯೂಬ್ನರ್ ಇಟಲಿಯ ರಾಷ್ಟ್ರೀಯ ತಂಡದ ಪರವಾಗಿ ಒಂದೂ ಪಂದ್ಯ ಆಡಲಿಲ್ಲ. ೨೦೦೨ರ ವಿಶ್ವಕಪ್‌ಗೆ ತರಬೇತುದಾರ ಜೊವಾನ್ನಿ ತ್ರಪತ್ತೋನಿ ಆರಿಸಿದ ಮುಂಪಡೆಯಲ್ಲಿ ಕ್ರಿಸ್ತಿಯಾನ್ ವಿಯೇರಿ, ಫಿಲಿಪ್ಪೊ ಇಂಜಾಗಿ, ಅಲೆಸ್ಸಾಂದ್ರೊ ದೆಲ್ ಪಿಯೆರೊ, ಫ್ರಾಂಚೆಸ್ಕೊ ತೊತ್ತಿ ಮೊದಲಾದವರಿದ್ದರು. ಆ ಋತುವಿನಲ್ಲಿ ಇಟಲಿಯ ಬೇರಾವ ಆಟಗಾರನೂ ಹ್ಯೂಬ್ನರ್ ಅವರಷ್ಟು ಗೋಲುಗಳನ್ನು ಸೀರಿ ಎಯಲ್ಲಿ ಗಳಿಸಿರಲಿಲ್ಲವಾದರೂ ಅವರಿಗೆ ಕರೆ ಬರಲಿಲ್ಲ.

ಕೊನೆಯ ವರ್ಷಗಳು

೨೦೦೨–೦೩ರಲ್ಲಿ ಹ್ಯೂಬ್ನರ್ ೧೪ ಗೋಲು ಗಳಿಸಿದರೂ ಪಿಯಾಚೆಂಜಾ ಕೆಳಗಿಳಿಯಿತು. ಮುಂದಿನ ಋತುವನ್ನು ಅವರು ಅಂಕೋನಾ ಮತ್ತು ಪೆರೂಜಾ ಕ್ಲಬ್‌ಗಳಲ್ಲಿ ಕಳೆದರು. ಅನಂತರ ಮಂತೋವಾ ಪರ ಸಿ೧ರಲ್ಲಿ ಆಡಿದರು. ಆ ತಂಡ ೨೦೦೫ರಲ್ಲಿ ಸೀರಿ ಬಿಗೆ ಬಡ್ತಿ ಪಡೆಯಿತು. ಅಲ್ಲಿಂದಾಚೆಗೆ ಅವರು ಲೊಂಬಾರ್ದಿ ಪ್ರಾಂತದ ಸಣ್ಣ ಊರುಗಳ ಕ್ಲಬ್‌ಗಳಿಗೆ ಆಡುತ್ತ, ನಲವತ್ತು ದಾಟಿದ ಮೇಲೂ ಹವ್ಯಾಸಿ ಲೀಗ್‌ಗಳಲ್ಲಿ ಮುಂದುವರಿದರು. ಹೀಗೆ ಅವರ ಆಟ ಆರಂಭವಾದಂತೆಯೇ ಸಣ್ಣ ಮೈದಾನಗಳಲ್ಲಿ ಕೊನೆಗೊಂಡಿತು.

ಆಟದ ಶೈಲಿ ಮತ್ತು ವ್ಯಕ್ತಿತ್ವ

ದೃಢಕಾಯದ ಹ್ಯೂಬ್ನರ್ ರಕ್ಷಣಾ ಆಟಗಾರರನ್ನು ಎದುರಿಸಿ ನುಗ್ಗುವ ಶಕ್ತಿಗೂ ಬಲವಾದ ಹೊಡೆತಕ್ಕೂ ಹೆಸರಾಗಿದ್ದರು. ಅಭಿಮಾನಿಗಳು ಅವರನ್ನು ‘ತತಾಂಕಾ’ ಎಂದು ಕರೆದರು. ಇದು ಉತ್ತರ ಅಮೆರಿಕದ ಲಕೋಟಾ ಜನರ ಭಾಷೆಯಲ್ಲಿ ಕಾಡುಕೋಣವನ್ನು ಹೋಲುವ ಬೈಸನ್ ಪ್ರಾಣಿಗಿರುವ ಹೆಸರು. ಧೂಮಪಾನದ ಅಭ್ಯಾಸವನ್ನು ಅವರು ಎಂದೂ ಮುಚ್ಚಿಡಲಿಲ್ಲ. ತಾರೆಯ ಬೆಡಗಿಲ್ಲದ ಅವರ ಸರಳ ನಡೆನುಡಿ ಸಾಮಾನ್ಯ ಪ್ರೇಕ್ಷಕರಿಗೆ ಅವರನ್ನು ಹತ್ತಿರವಾಗಿಸಿತು. ಕಲ್ಕತ್ತಾ ಎಂಬ ಕಾವ್ಯನಾಮದ ಇಟಲಿಯ ಗಾಯಕ ೨೦೧೮ರ ತಮ್ಮ ‘ಎವರ್‌ಗ್ರೀನ್’ ಆಲ್ಬಮ್‌ನ ಒಂದು ಹಾಡಿಗೆ ‘ಹ್ಯೂಬ್ನರ್’ ಎಂದೇ ಹೆಸರಿಟ್ಟಿದ್ದಾರೆ.

ಸಾಧನೆಯ ಮಹತ್ವ

ಮೂರು ಹಂತಗಳಲ್ಲಿ ಹ್ಯೂಬ್ನರ್ ಅಗ್ರಸ್ಥಾನ ಪಡೆದ ಋತುಗಳು ಇವು:

• ೧೯೯೧–೯೨, ಸೀರಿ ಸಿ೧ (ಫಾನೊ): ೧೪ ಗೋಲು
• ೧೯೯೫–೯೬, ಸೀರಿ ಬಿ (ಚೆಸೆನಾ): ೨೨ ಗೋಲು
• ೨೦೦೧–೦೨, ಸೀರಿ ಎ (ಪಿಯಾಚೆಂಜಾ): ೨೪ ಗೋಲು

ಇದೇ ಸಾಧನೆಯ ಇಗೊರ್ ಪ್ರೊತ್ತಿ ೧೯೯೫–೯೬ರಲ್ಲಿ ಬಾರಿ ಪರ ಸೀರಿ ಎಯಲ್ಲಿ ಅಗ್ರಸ್ಥಾನ ಹಂಚಿಕೊಂಡು, ಬಳಿಕ ಲಿವೊರ್ನೊ ಪರ ಸಿ೧ ಮತ್ತು ಸೀರಿ ಬಿಗಳಲ್ಲಿ ಮೊದಲಿಗರಾದರು. ಪ್ರೊತ್ತಿ ಮೇಲಿನಿಂದ ಕೆಳಗಿಳಿದು ಈ ಗೌರವ ಪೂರ್ಣಗೊಳಿಸಿದರೆ, ಹ್ಯೂಬ್ನರ್ ಹತ್ತು ವರ್ಷಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಅದನ್ನು ತಲುಪಿದರು.