ಇಂಟರ್ನೆಟ್ ಮಾನವ ಹಕ್ಕಾ? ಕೋರ್ಟುಗಳು ಹೇಳಿದ್ದೇನು, ಹೇಳದೆ ಬಿಟ್ಟಿದ್ದೇನು

ಗೊಟ್ಟಿಗೆರೆಯಲ್ಲಿ ನಮ್ಮ ರಸ್ತೆಯ ತುದಿಗೆ ಒಂದು ಜೆರಾಕ್ಸ್ ಅಂಗಡಿ ಇದೆ. ಅಲ್ಲಿ ಜೆರಾಕ್ಸ್‌ಗಿಂತ ಜಾಸ್ತಿ ನಡೆಯೋದು ಅರ್ಜಿ ತುಂಬೋ ಕೆಲಸ. ಸ್ಕಾಲರ್‌ಶಿಪ್, ಜಾತಿ-ಆದಾಯ ಪ್ರಮಾಣಪತ್ರ, ಇ-ಖಾತಾ, ಎಲ್ಲವೂ ಅದೇ ಒಂದು ಕಂಪ್ಯೂಟರ್‌ನಲ್ಲಿ. ಇತ್ತೀಚೆಗೆ ಯಾರೋ ರಸ್ತೆ ಅಗೆದಾಗ ಫೈಬರ್ ಕೇಬಲ್ ಕಟ್ ಆಗಿ ಅಂಗಡಿಯಲ್ಲಿ ಎರಡು ದಿನ ನೆಟ್ ಇರಲಿಲ್ಲ. ನಾನು ಫೋನ್ ಹಾಟ್‌ಸ್ಪಾಟ್ ಹಾಕಿಕೊಂಡು ಲೇಖನ ಕಳಿಸಿದೆ. ಮನೆಗೆಲಸಕ್ಕೆ ಹೋಗುವ ಅಕ್ಕ ಒಬ್ಬರು ಮಗಳ ಸ್ಕಾಲರ್‌ಶಿಪ್ ಕಾಗದ ಹಿಡಿದುಕೊಂಡು ಎರಡು ಸಂಜೆ ಬಂದು ವಾಪಸ್ ಹೋದರು. ಕೊನೇ ದಿನಾಂಕ ಹತ್ತಿರದಲ್ಲಿತ್ತು. 'ನೆಟ್ ಇಲ್ಲ ಅಂದ್ರೆ ನಮ್ಗೆ ಸರ್ಕಾರನೂ ಇಲ್ಲ ಕಣಪ್ಪ' ಅಂದರು.

ಇಂಟರ್ನೆಟ್ ಹಕ್ಕೋ, ಬರೀ ಸೌಲಭ್ಯವೋ ಅನ್ನೋ ಚರ್ಚೆಯನ್ನು ನಾನು ಈ ಮಾತಿನಿಂದಲೇ ಶುರು ಮಾಡ್ತೀನಿ.

ನಮ್ಮ ಕೋರ್ಟುಗಳು ಏನು ಹೇಳಿವೆ?

ಮೊದಲ ದೊಡ್ಡ ತೀರ್ಪು ಬಂದಿದ್ದು ಪಕ್ಕದ ಕೇರಳದಿಂದ. ಹಾಸ್ಟೆಲ್‌ನಲ್ಲಿ ಮೊಬೈಲ್ ಬಳಕೆಗೆ ಹೇರಿದ್ದ ನಿರ್ಬಂಧವನ್ನು ಒಪ್ಪದ ವಿದ್ಯಾರ್ಥಿನಿಯನ್ನು ಅಲ್ಲಿಂದ ಹೊರಹಾಕಲಾಗಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕು ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದಿತು.

ಅದಾಗಿ ಮೂರು ತಿಂಗಳಿಗೆ, 2019ರ ಡಿಸೆಂಬರ್ 19ರಂದು, ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆ ವೇಳೆ ಮಂಗಳೂರಿನಲ್ಲಿ ಗೋಲಿಬಾರ್ ಆಯಿತು, ಇಬ್ಬರು ಸತ್ತರು. ಊರಲ್ಲಿ ಏನಾಗ್ತಿದೆ ಅಂತ ತಿಳಿಯೋದು ತುರ್ತಾಗಿದ್ದ ಹೊತ್ತಿನಲ್ಲೇ ಅಲ್ಲಿ 48 ಗಂಟೆ ಮೊಬೈಲ್ ಇಂಟರ್ನೆಟ್ ಬಂದ್ ಮಾಡುವ ಆದೇಶ ಹೊರಬಿತ್ತು.

ಮೂರೇ ವಾರದಲ್ಲಿ, 2020ರ ಜನವರಿ 10ರಂದು, ಕಾಶ್ಮೀರದ ಬಂದ್ ಕುರಿತ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇಂಟರ್ನೆಟ್ ಮೂಲಕ ಮಾತಾಡುವುದಕ್ಕೆ, ವ್ಯಾಪಾರ ಮಾಡುವುದಕ್ಕೆ 19ನೇ ವಿಧಿಯ ರಕ್ಷಣೆ ಇದೆ, ಅನಿರ್ದಿಷ್ಟ ಕಾಲ ಬಂದ್ ಮಾಡುವಂತಿಲ್ಲ, ಆದೇಶಗಳನ್ನು ಪ್ರಕಟಿಸಲೇಬೇಕು ಎಂದಿತು. ಆದರೆ ಇಂಟರ್ನೆಟ್ ಸಂಪರ್ಕವೇ ಒಂದು ಮೂಲಭೂತ ಹಕ್ಕಾ ಅನ್ನುವ ಪ್ರಶ್ನೆಯನ್ನು ಕೋರ್ಟ್ ಮುಟ್ಟಲಿಲ್ಲ. ಯಾರೂ ಹಾಗೆ ವಾದಿಸಿಲ್ಲ ಅನ್ನೋದು ಅದು ಕೊಟ್ಟ ಕಾರಣ.

ಆ ಗೆರೆ ಸ್ವಲ್ಪ ಮುಂದೆ ಸರಿದದ್ದು 2025ರ ಏಪ್ರಿಲ್ 30ರಂದು. ಬ್ಯಾಂಕ್, ಸಿಮ್ ಕೆವೈಸಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು ಅನ್ನುವ ನಿಯಮ ಇತ್ತಲ್ಲ, ಆಸಿಡ್ ದಾಳಿಗೆ ಒಳಗಾದವರು, ದೃಷ್ಟಿದೋಷ ಇರುವವರು ಅದನ್ನು ಪ್ರಶ್ನಿಸಿದ್ದರು. ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟಕುವುದು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಹೊರಗಿನ ಜಗತ್ತು?

ಫಿನ್ಲೆಂಡ್ 2010ರ ಜುಲೈನಿಂದ ಪ್ರತಿಯೊಬ್ಬರಿಗೂ 1 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್ ಸಿಗುವುದು ಕಾನೂನುಬದ್ಧ ಹಕ್ಕು ಎಂದಿತು. 2016ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ, ಬೇಕಂತಲೇ ಇಂಟರ್ನೆಟ್ ಕಡಿತ ಮಾಡುವುದನ್ನು ಖಂಡಿಸಿ ನಿರ್ಣಯ ಮಾಡಿತು. ಅದು ಯಾವ ದೇಶವನ್ನೂ ಕಟ್ಟಿಹಾಕುವುದಿಲ್ಲ. 'ವಿಶ್ವಸಂಸ್ಥೆಯೇ ಹಕ್ಕು ಅಂತ ಘೋಷಿಸಿಬಿಟ್ಟಿದೆ' ಅನ್ನುವ ವಾಟ್ಸಾಪ್ ಫಾರ್ವರ್ಡ್ ಬಂದರೆ ಇದನ್ನು ನೆನಪಿಸಿ.

ಹಕ್ಕಲ್ಲ ಅನ್ನುವವರ ವಾದ

ಇದರಲ್ಲಿ ಗಟ್ಟಿಯಾದದ್ದು ಇಂಟರ್ನೆಟ್‌ನ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರದ್ದು. ಅವರು 2012ರಲ್ಲಿ ಬರೆದದ್ದರ ಸಾರ ಇಷ್ಟು: ಒಂದು ಕಾಲಕ್ಕೆ ಕುದುರೆ ಇಲ್ಲದೆ ಹೊಟ್ಟೆ ಹೊರೆಯೋದು ಕಷ್ಟ ಇತ್ತು. ಆಗಲೂ ಹಕ್ಕು ಇದ್ದದ್ದು ದುಡಿದು ಬದುಕೋದಕ್ಕೆ, ಕುದುರೆಗಲ್ಲ. ತಂತ್ರಜ್ಞಾನ ಹಕ್ಕುಗಳನ್ನು ತಲುಪುವ ದಾರಿ, ಅದೇ ಹಕ್ಕಲ್ಲ.

ಎಂಜಿನಿಯರಿಂಗ್ ಓದುವಾಗ ನನಗೂ ಇದು ಸರಿ ಅನ್ನಿಸಿತ್ತು. ಈಗ ಒಂದು ವಿಷಯ ಕಾಣ್ತಿದೆ. ಸರ್ಫ್ ಹೇಳಿದ ಕಾಲದಲ್ಲಿ, ಕುದುರೆ ಮೇಲೆ ಬಂದವರಿಗೆ ಮಾತ್ರ ರೇಷನ್ ಅಂತ ಯಾವ ಸರ್ಕಾರವೂ ಹೇಳಿರಲಿಲ್ಲ. ನಮ್ಮಲ್ಲಿ ಸರ್ಕಾರವೇ ಕುದುರೆಯನ್ನು ಕಡ್ಡಾಯ ಮಾಡಿದೆ. 2023ರ ಜನವರಿಯಿಂದ ನರೇಗಾ ಹಾಜರಿಯನ್ನು ಆ್ಯಪ್‌ನಲ್ಲೇ ಹಾಕಬೇಕು ಎಂದಾಯಿತು. ನೆಟ್‌ವರ್ಕ್ ಸಿಗದೆ ಹಾಜರಿ ಬೀಳದಿದ್ದಾಗ ಹೋದದ್ದು ಕೂಲಿಯವರ ದುಡ್ಡು.

ಕರ್ನಾಟಕದ ಲೆಕ್ಕ

2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿ ನಿಷೇಧಿಸಿದಾಗ, ಇದು ಮೇಲ್ನೋಟಕ್ಕೆ ಶಿಕ್ಷಣದ ಹಕ್ಕಿಗೆ ಧಕ್ಕೆ ಎಂದು ಜುಲೈ 8ರಂದು ಹೈಕೋರ್ಟ್ ತಡೆ ಕೊಟ್ಟಿತು. ನಿಷೇಧ ಹೋಯಿತು, ಸಿಗ್ನಲ್ ಮಾತ್ರ ಎಲ್ಲರಿಗೂ ಬರಲಿಲ್ಲ. ಮರುವರ್ಷ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ನಿಮಗೆ ನೆನಪಿರಬಹುದು.

ಇನ್ನೊಂದು ಅಂಕಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ಶೇ. 62.4, ಹೆಂಗಸರು ಶೇ. 35. ಆಮೇಲೆ ಸ್ಮಾರ್ಟ್‌ಫೋನ್ ಹೆಚ್ಚಾಗಿವೆ, ನಿಜ. ಆದರೆ ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದು ಯಾರ ಜೇಬಿನಲ್ಲಿ ಇರುತ್ತೆ ಅಂತ ನಿಮಗೇ ಗೊತ್ತು.

ಹಾಗಾದರೆ ಕೇಳಬೇಕಾದದ್ದೇನು?

ನನ್ನ ನಿಲುವು ಇಷ್ಟು. ಸರ್ಕಾರ ಯಾವ ಸೇವೆಯನ್ನು ನೆಟ್ ಮೂಲಕವೇ ಪಡೆಯಿರಿ ಅನ್ನುತ್ತೋ, ಅಲ್ಲಿಗೆ ನೆಟ್ ಮುಟ್ಟಿಸೋದು ಸರ್ಕಾರದ ಹೊಣೆ. ಅದಾಗದಿದ್ದರೆ ಇನ್ನೊಂದು ಬಾಗಿಲು ತೆರೆದಿಡಬೇಕು. ಇದನ್ನು 'ಹಕ್ಕು' ಅಂತ ಕರೆಯದೆ ಬಿಟ್ಟರೆ ಕೇಬಲ್ ಕಟ್ ಆದದ್ದು ಜನರ ಹಣೆಬರಹ ಆಗುತ್ತೆ.

ಬೇಡಿಕೆಗಳೂ ದೊಡ್ಡವಲ್ಲ. ಪ್ರತಿ ಆನ್‌ಲೈನ್ ಅರ್ಜಿಗೂ ಕಾಗದದ ದಾರಿ ಇರಲಿ. ಸರ್ವರ್ ಅಥವಾ ಸಂಪರ್ಕ ಕೈಕೊಟ್ಟರೆ ಕೊನೇ ದಿನಾಂಕ ತಾನಾಗಿ ಮುಂದೆ ಹೋಗಲಿ. ಇಂಟರ್ನೆಟ್ ಬಂದ್ ಮಾಡುವ ಪ್ರತಿ ಆದೇಶವೂ ಕಾರಣದ ಸಮೇತ ಪ್ರಕಟವಾಗಲಿ. ಈ ಕೊನೆಯದನ್ನು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಒಂದು ಕೇಬಲ್ ಹೋದರೆ ಎಲ್ಲಾ ನಿಂತುಹೋಗುವ ಡಿಸೈನ್ ಬರೆದರೆ ಎಂಜಿನಿಯರಿಂಗ್ ಮೇಷ್ಟ್ರು ಸೊನ್ನೆ ಹಾಕ್ತಿದ್ದರು. ಆಡಳಿತಕ್ಕೂ ಅದೇ ಮಾನದಂಡ ಇರಲಿ.

ಆ ಅಕ್ಕನ ಅರ್ಜಿ ಮೂರನೇ ಸಂಜೆ ಹೋಯಿತು, ದಿನಾಂಕ ಮುಗಿದಿರಲಿಲ್ಲ. ಮುಗಿದಿದ್ದರೆ ಅವರು ಯಾವ ಕಚೇರಿಗೆ ಹೋಗಿ, ಏನಂತ ಕೇಳಬೇಕಿತ್ತು? ಅದಕ್ಕೆ ಉತ್ತರ ಸಿಗುವ ದಿನ ಇಂಟರ್ನೆಟ್ ಹಕ್ಕಾಗಿದೆ ಅಂತ ನಾನು ನಂಬ್ತೀನಿ.